ಹತ್ತಿರದ ಊರೇ ಮೊದಲ ರಕ್ಷಣಾ ಠಾಣೆ: ಕೆನಡಾದ ಕಡಲಲ್ಲಿ ಮೂಲನಿವಾಸಿಗಳೂ ಸರ್ಕಾರವೂ ಕೈಜೋಡಿಸಿದ ಬಗೆ

ಪ್ರಶ್ನೆ: ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಮೂಲನಿವಾಸಿ ಸಮುದಾಯಗಳು ಕೋಸ್ಟ್ ಗಾರ್ಡ್ ಜೊತೆ ಸೇರಿ ಕಡಲ ರಕ್ಷಣೆಯ ಕೆಲಸ ಮಾಡುತ್ತವೆ ಎಂದು ಓದಿದೆ. ಅದು ನಿಜವಾಗಿ ಹೇಗೆ ನಡೆಯುತ್ತದೆ? ಮುಳುಗುವವರನ್ನು ಕಂಡರೆ ಯಾವ ಮೀನುಗಾರನೂ ಎತ್ತಿಕೊಂಡು ಬರುತ್ತಾನೆ. ಒಂದು ಬೋಟು, ಒಂದಿಷ್ಟು ಡೀಸೆಲ್ ಕೊಟ್ಟರೆ ಸಾಲದೇ? ಒಪ್ಪಂದ, ಸಂಸ್ಥೆ ಎಲ್ಲ ಏಕೆ? ನಮ್ಮ ಉಡುಪಿ, ಉತ್ತರ ಕನ್ನಡದ ಕಡಲಿಗೆ ಅದರಿಂದ ತೆಗೆದುಕೊಳ್ಳುವಂಥದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ನಡುವಿನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದಕ್ಕೇ ತಗಲಿಕೊಂಡಿದೆ. ಮುಳುಗುವವರನ್ನು ಎತ್ತುವುದಕ್ಕೆ ಒಪ್ಪಂದ ಬೇಡ, ನಿಜ. ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳು ಕಾಗದ ನೋಡಿಕೊಂಡು ಯಾರನ್ನೂ ಎತ್ತಿದವರಲ್ಲ. ಆದರೆ ಎತ್ತಲು ಹೋದ ದೋಣಿ ಬಂಡೆಗೆ ಬಡಿದರೆ ನಷ್ಟ ಯಾರದು? ಹುಡುಕಾಟದಲ್ಲಿ ಯಾವ ದೋಣಿ ಯಾವ ಕಡೆಗೆ ಹೋಗಬೇಕೆಂದು ಹೇಳುವವರು ಯಾರು? ತೈಲ ಸೋರಿದಾಗ ಯಾವ ಚಿಪ್ಪಿನ ದಂಡೆಯನ್ನು ಮೊದಲು ಉಳಿಸಬೇಕೆಂದು ತೀರ್ಮಾನಿಸುವ ಮೇಜಿನ ಬಳಿ ಊರಿನವರಿಗೆ ಕುರ್ಚಿ ಇದೆಯೇ? ಇವಕ್ಕೆ ಮೊದಲೇ ಉತ್ತರ ಬರೆದಿಟ್ಟಿಲ್ಲದಿದ್ದರೆ, ಅನಾಹುತದ ರಾತ್ರಿ ಕೂತು ಬರೆಯಲು ಯಾರಿಗೂ ಬಿಡುವಿರುವುದಿಲ್ಲ. ಕೆನಡಾ ಇದನ್ನು ಕಲಿತದ್ದು ಮೂರು ಅಪಘಾತಗಳ ನಂತರ.

ಮೊದಲು ಆ ಕಡಲಿನ ದೂರಗಳನ್ನು ಲೆಕ್ಕ ಹಾಕಿ ನೋಡಬೇಕು. ದ್ವೀಪಗಳ, ಕಡಲಗಾಲುವೆಗಳ ಅಂಚನ್ನೆಲ್ಲ ಸೇರಿಸಿದರೆ ಬ್ರಿಟಿಷ್ ಕೊಲಂಬಿಯಾದ ಕರಾವಳಿ 25,000 ಕಿ.ಮೀ.ಗೂ ಹೆಚ್ಚು. ರಸ್ತೆ ಮುಟ್ಟುವ ಊರುಗಳು ಕಡಿಮೆ. ಶೋಧ ಮತ್ತು ರಕ್ಷಣೆಯ ಹೆಲಿಕಾಪ್ಟರ್‌ಗಳು ನಿಲ್ಲುವುದು ದಕ್ಷಿಣದ ಕೋಮೊಕ್ಸ್ ವಾಯುನೆಲೆಯಲ್ಲಿ. ಹಗಲಿನ ಕೆಲಸದ ವೇಳೆಯಲ್ಲಿ ಕರೆ ಬಂದ 30 ನಿಮಿಷದೊಳಗೆ, ಉಳಿದ ವೇಳೆಯಲ್ಲಿ 2 ಗಂಟೆಯೊಳಗೆ ಹೊರಡಬೇಕು ಎಂಬುದು ವಾಯುಪಡೆಯ ಸಿದ್ಧತೆಯ ಮಟ್ಟ. ಅಲ್ಲಿಂದ ಮಧ್ಯ ಕರಾವಳಿಯ ಬೆಲ್ಲಾ ಬೆಲ್ಲಾ ಎಂಬ ಊರಿಗೆ ನೇರ ದಾರಿಯಲ್ಲೇ ಸುಮಾರು 350 ಕಿ.ಮೀ. ಎಂದರೆ ಒಂದೂಕಾಲು ಗಂಟೆಗೂ ಹೆಚ್ಚಿನ ಹಾರಾಟ. ಮಧ್ಯರಾತ್ರಿ ಕರೆ ಬಂದರೆ ಹವೆ ಚೆನ್ನಾಗಿದ್ದರೂ ಮೂರು ಗಂಟೆ ದಾಟಬಹುದು. ಆ ನೀರಿನ ಚಳಿಯಲ್ಲಿ ಬಿದ್ದವರಿಗೆ ಅಷ್ಟು ಸಮಯವಿರುವುದಿಲ್ಲ. ಹಾಗಾಗಿ ಮೊದಲ ಗಂಟೆ ಎನ್ನುವುದು ಪಕ್ಕದ ಊರಿನ ಪಾಲಿಗೇ ಬರುತ್ತದೆ, ಸರ್ಕಾರದ ನಕ್ಷೆಯಲ್ಲಿ ಆ ಊರಿನ ಹೆಸರು ಇರಲಿ, ಬಿಡಲಿ.

2006ರ ಮಾರ್ಚ್ 22ರ ನಡುರಾತ್ರಿ ‘ಕ್ವೀನ್ ಆಫ್ ದಿ ನಾರ್ತ್’ ಎಂಬ ಪ್ರಯಾಣಿಕರ ಹಡಗು ತಿರುಗಬೇಕಿದ್ದ ಜಾಗದಲ್ಲಿ ತಿರುಗದೆ ಗಿಲ್ ದ್ವೀಪಕ್ಕೆ ಬಡಿಯಿತು. ಹಡಗಿನಲ್ಲಿ 101 ಜನ. ಪಕ್ಕದ ಹಾರ್ಟ್ಲಿ ಬೇ ಗಿಟ್‌ಗಾಟ್ ಸಮುದಾಯದ ಸುಮಾರು 200 ಜನರ ಹಳ್ಳಿ. ರೇಡಿಯೊದಲ್ಲಿ ಕರೆ ಕೇಳಿದವರು ತಮ್ಮ ಮೀನುಗಾರಿಕೆ ದೋಣಿಗಳನ್ನು ಕತ್ತಲಲ್ಲೇ ಹೊರಡಿಸಿದರು. ಊರಿನಲ್ಲಿ ಉಳಿದವರು ಸಮುದಾಯ ಭವನ ತೆರೆದು ಕಂಬಳಿ, ಬಿಸಿ ಕಾಫಿ, ಊಟ ಸಿದ್ಧಮಾಡಿದರು. 99 ಜನ ಬದುಕಿದರು, ಇಬ್ಬರು ಸಿಗಲಿಲ್ಲ. 2015ರ ಅಕ್ಟೋಬರ್ 25ರಂದು ಟೊಫಿನೊ ಬಳಿ ತಿಮಿಂಗಿಲ ತೋರಿಸಲು ಹೊರಟಿದ್ದ ‘ಲೆವಿಯಾಥನ್ 2’ ಅಲೆಯ ಹೊಡೆತಕ್ಕೆ ಮಗುಚಿತು. ತುರ್ತು ಕರೆ ಕಳುಹಿಸಲೂ ಸಮಯ ಸಿಗಲಿಲ್ಲ. ನೀರಿಗೆ ಬಿದ್ದು ಸುಮಾರು 45 ನಿಮಿಷದ ಮೇಲೆ ಸಿಬ್ಬಂದಿ ಹಾರಿಸಿದ ಬೆಳಕಿನ ಬಾಣವನ್ನು ಕಂಡವರು ಅಲ್ಲಿ ಮೀನು ಹಿಡಿಯುತ್ತಿದ್ದ ಅಹೌಸಾಟ್ ಸಮುದಾಯದವರು. ಹಡಗು ಮುಳುಗಿದೆ ಎಂಬ ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದೇ ಅವರಿಂದ. 27 ಜನರಲ್ಲಿ 21 ಮಂದಿ ಉಳಿದರು.

ಈ ಎರಡೂ ಪ್ರಕರಣಗಳಲ್ಲಿ ಊರಿನವರಿಗೆ ಪ್ರಶಂಸೆ ಸಿಕ್ಕಿತು. ವ್ಯವಸ್ಥೆಯೊಳಗೆ ಜಾಗ ಮಾತ್ರ ಸಿಕ್ಕಿರಲಿಲ್ಲ. ಆ ಕೊರತೆ ಎಷ್ಟು ದುಬಾರಿ ಎಂದು ಮೂರನೆಯ ಅಪಘಾತ ತೋರಿಸಿತು. 2016ರ ಅಕ್ಟೋಬರ್ 13ರ ನಸುಕಿನ ಒಂದು ಗಂಟೆಯ ಹೊತ್ತಿಗೆ ಅಮೆರಿಕದ ‘ನೇಥನ್ ಇ. ಸ್ಟೀವರ್ಟ್’ ಎಂಬ ಟಗ್ (ಬೇರೆ ಹಡಗುಗಳನ್ನು ಎಳೆಯುವ, ತಳ್ಳುವ ಹಡಗು) ಸರಕು ಸಾಗಿಸುವ ಖಾಲಿ ಬಾರ್ಜೊಂದನ್ನು ತಳ್ಳಿಕೊಂಡು ಹೋಗುತ್ತಾ ಬೆಲ್ಲಾ ಬೆಲ್ಲಾದ ಪಶ್ಚಿಮಕ್ಕೆ, ಸೀಫೋರ್ತ್ ಚಾನೆಲ್‌ನ ಬಾಯಲ್ಲಿ ಬಂಡೆಸಾಲಿಗೆ ಏರಿತು. ಕಾವಲಿನಲ್ಲಿದ್ದ ಅಧಿಕಾರಿ ಒಬ್ಬನೇ ಇದ್ದ, ನಿದ್ದೆ ಹೋಗಿದ್ದ ಎಂದು ಕೆನಡಾದ ಸಾರಿಗೆ ಸುರಕ್ಷಾ ಮಂಡಳಿ ಕಂಡುಕೊಂಡಿತು. ದಾರಿ ತಪ್ಪಿದರೆ ಕೂಗುವ ಎಚ್ಚರಿಕೆ ಗಂಟೆಗಳನ್ನು ಬಳಸಿರಲಿಲ್ಲ. ಕಡಲದಾರಿ ಬಲ್ಲ ಸ್ಥಳೀಯ ಪೈಲಟ್ ಇಲ್ಲದೆ ಸಾಗಲು ಆ ಬಗೆಯ ಹಡಗುಗಳಿಗೆ ವಿನಾಯಿತಿ ಇತ್ತು. ಸುಮಾರು 1,10,000 ಲೀಟರ್ ಡೀಸೆಲ್ ಮತ್ತು ಎಂಜಿನ್ ಎಣ್ಣೆ ನೀರಿಗೆ ಸೇರಿತು. ಅದು ಬೆಲ್ಲಾ ಬೆಲ್ಲಾದ ಮೂಲನಿವಾಸಿಗಳಾದ ಹೈಲ್ಟ್‌ಸುಕ್ ಜನ ತಲೆಮಾರುಗಳಿಂದ ಚಿಪ್ಪು ಆರಿಸುತ್ತಿದ್ದ ಗೇಲ್ ಪಾಸ್ ಎಂಬ ಜಾಗ. ನಮ್ಮಲ್ಲಿ ಮರುವಾಯಿ, ಬೆಳಚು ಎನ್ನುತ್ತೇವಲ್ಲ, ಅಂಥ ಚಿಪ್ಪುಗಳ ಹಾಸು. ಮೊದಲು ಮುಟ್ಟಿದ ದೋಣಿಗಳಲ್ಲಿ ಹೈಲ್ಟ್‌ಸುಕ್‌ರ ದೋಣಿಗಳೂ ಇದ್ದವು. ತೈಲ ತೆಗೆಯುವ ಗುತ್ತಿಗೆ ಸಂಸ್ಥೆಯ ಸಲಕರಣೆ ಪ್ರಿನ್ಸ್ ರೂಪರ್ಟ್‌ನಿಂದ ಬರಬೇಕಿತ್ತು. ಅದು ನೇರ ದಾರಿಯಲ್ಲೇ ಸುಮಾರು 280 ಕಿ.ಮೀ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದ ಬೋಟಿಗೂ ಏಳೂವರೆ ಗಂಟೆಗೆ ಕಡಿಮೆಯಿಲ್ಲ, ಮಧ್ಯೆ ದ್ವೀಪಗಳನ್ನು ಸುತ್ತಿ ಬರುವುದು ಬೇರೆ. ಬಂದ ಮೇಲೂ ಬಿರುಗಾಳಿಗೆ ತೈಲ ತಡೆಯುವ ತೇಲುಬೇಲಿಗಳು ಹರಿದವು. ಟಗ್ ಅನ್ನು ಮೇಲೆತ್ತಲು ಒಂದು ತಿಂಗಳು ಹಿಡಿಯಿತು. ಕಂಪನಿಗೆ 2019ರಲ್ಲಿ 29 ಲಕ್ಷ ಕೆನಡಿಯನ್ ಡಾಲರ್ ದಂಡ ಬಿತ್ತು. ಆದರೆ ದಂಡದ ದುಡ್ಡಿನಿಂದ ಚಿಪ್ಪಿನ ಹಾಸು ಮರಳಿ ಬೆಳೆಯುವುದಿಲ್ಲ.

ಹೈಲ್ಟ್‌ಸುಕ್ ಆಡಳಿತ ಮೊದಲ 48 ಗಂಟೆಗಳ ಬಗ್ಗೆಯೇ ಪ್ರತ್ಯೇಕ ತನಿಖಾ ವರದಿ ಬರೆಯಿತು. ಗೊಂದಲ, ವಿಳಂಬ, ಸಲಕರಣೆಯ ಕೊರತೆ, ಊರಿನವರಿಗೆ ಮಾಹಿತಿ ಮುಟ್ಟದಿರುವುದು, ಎಲ್ಲವನ್ನೂ ಅದರಲ್ಲಿ ದಾಖಲಿಸಿದರು. ದೂರು ಕೊಟ್ಟು ಸುಮ್ಮನಾಗಲೂ ಇಲ್ಲ. ಮಧ್ಯ ಕರಾವಳಿಯ ಯಾವ ಮೂಲೆಗೂ 5 ಗಂಟೆಯೊಳಗೆ ಮುಟ್ಟಬಲ್ಲ, ಮೂಲನಿವಾಸಿಗಳೇ ನಡೆಸುವ ಕೇಂದ್ರವೊಂದರ ಪೂರ್ಣ ಯೋಜನೆಯನ್ನು ಬೋಟು, ಬಾರ್ಜು, ಸಿಬ್ಬಂದಿ, ಖರ್ಚಿನ ಲೆಕ್ಕದ ಸಮೇತ 2017ರಲ್ಲಿ ಮುಂದಿಟ್ಟರು. ನನ್ನ ಅಭಿಪ್ರಾಯದಲ್ಲಿ ಆ ಕರಾವಳಿಯ ಸಹಭಾಗಿತ್ವಕ್ಕೆ ತಿರುವು ಕೊಟ್ಟದ್ದು ಈ ಎರಡು ಕಾಗದಗಳು. ಅನುಭವ ಬಾಯಿಮಾತಿನಲ್ಲಿ ಉಳಿದಿದ್ದರೆ ಅಧಿಕಾರಿ ಬದಲಾದಾಗ ಅದೂ ಅವರ ಜೊತೆಗೇ ಹೋಗುತ್ತಿತ್ತು.

ಸರ್ಕಾರದ ಕಡೆಯಿಂದ 2016ರ ನವೆಂಬರ್‌ನಲ್ಲಿ 150 ಕೋಟಿ ಡಾಲರ್‌ಗಳ ಸಾಗರ ರಕ್ಷಣಾ ಯೋಜನೆ ಘೋಷಣೆಯಾಯಿತು. 2022ರಲ್ಲಿ ಅದಕ್ಕೆ ಒಂಬತ್ತು ವರ್ಷಗಳ ಅವಧಿಗೆ ಇನ್ನೂ 200 ಕೋಟಿ ಸೇರಿತು. ಅದರಡಿ 2018ರಲ್ಲಿ ಕರಾವಳಿ ಮೂಲನಿವಾಸಿಗಳದೇ ಕೋಸ್ಟ್ ಗಾರ್ಡ್ ಸಹಾಯಕ ದಳ ಹುಟ್ಟಿತು. ಅಹೌಸಾಟ್, ಹೈಲ್ಟ್‌ಸುಕ್, ಗಿಟ್‌ಖಾಲಾ, ನಿಸ್ಗಾ, ಕಿಟಾಸೂ ಎಂಬ ಐದು ಸಮುದಾಯಗಳ 50ಕ್ಕೂ ಹೆಚ್ಚು ಸದಸ್ಯರಿಂದ ಶುರುವಾದದ್ದು. ಕೆನಡಾದಲ್ಲಿ ಸ್ವಯಂಸೇವಕರ ಸಹಾಯಕ ದಳ 1978ರಿಂದಲೇ ಇದೆ, ಆದರೆ ಮೂಲನಿವಾಸಿಗಳೇ ಮುನ್ನಡೆಸುವುದು ಇದೇ ಮೊದಲು. ಜೊತೆಗೆ, ಊರುಗಳಿಗೆ ರಕ್ಷಣಾ ಬೋಟು ಮತ್ತು ಸಲಕರಣೆ ಕೊಳ್ಳಲು ಹಣ ಕೊಡುವ ಕಾರ್ಯಕ್ರಮವೊಂದು 2017ರಲ್ಲಿ ಬಂತು. ಬೋಟು ಪಡೆಯುವ ಊರು ಸಹಾಯಕ ದಳದ ಸದಸ್ಯನಾಗಿರಬೇಕು ಅಥವಾ ಆಗಬೇಕು ಎಂಬುದು ಅದರ ಷರತ್ತು. ನೀವು ಕೇಳಿದ ‘ಬೋಟು ಕೊಟ್ಟರೆ ಸಾಲದೇ’ ಎಂಬುದಕ್ಕೆ ಉತ್ತರ ಈ ಷರತ್ತಿನಲ್ಲಿದೆ.

ಸದಸ್ಯತ್ವದಿಂದ ಬದಲಾಗುವುದೇನು ಎಂಬುದನ್ನು ಒಂದು ಕರೆಯ ಹಾದಿ ಹಿಡಿದು ನೋಡೋಣ. ತೊಂದರೆಗೆ ಸಿಕ್ಕ ದೋಣಿ ವಿ.ಎಚ್.ಎಫ್. ರೇಡಿಯೊದ 16ನೇ ಚಾನೆಲ್‌ನಲ್ಲಿ ‘ಮೇಡೇ’ ಕೂಗುತ್ತದೆ, ಅಥವಾ ರೇಡಿಯೊದ ಕೆಂಪು ಗುಂಡಿ ಒತ್ತಿದಾಗ 70ನೇ ಚಾನೆಲ್‌ನಲ್ಲಿ ಅದರ ಗುರುತಿನ ಸಂಖ್ಯೆ, ಸ್ಥಾನ ತಾನಾಗಿ ಹೋಗುತ್ತದೆ. ಪ್ರಿನ್ಸ್ ರೂಪರ್ಟ್ ಅಥವಾ ವಿಕ್ಟೋರಿಯಾದ ಸಂಚಾರ ಕೇಂದ್ರ ಅದನ್ನು ಹಿಡಿದು ವಿಕ್ಟೋರಿಯಾದ ಜಂಟಿ ರಕ್ಷಣಾ ಸಮನ್ವಯ ಕೇಂದ್ರಕ್ಕೆ ದಾಟಿಸುತ್ತದೆ. ವಾಯುಪಡೆಯವರೂ ಕೋಸ್ಟ್ ಗಾರ್ಡಿನವರೂ ಒಂದೇ ಕೋಣೆಯಲ್ಲಿ ಕೂತು ನಡೆಸುವ ಕೇಂದ್ರ ಅದು. ಅಲ್ಲಿನ ಸಂಯೋಜಕರು ಹತ್ತಿರದ ಸಹಾಯಕ ದಳದ ಘಟಕಕ್ಕೆ ಕರೆ ಮಾಡಿ ಘಟನೆಯ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಸಿಕ್ಕ ಕ್ಷಣದಿಂದ ದೋಣಿಯೂ ಸಿಬ್ಬಂದಿಯೂ ವಿಮೆಯ ನೆರಳಿಗೆ ಬರುತ್ತಾರೆ, ಇಂಧನದ ಖರ್ಚು ಮರಳಿ ಸಿಗುತ್ತದೆ, ಹುಡುಕಾಟದ ನಕ್ಷೆಯಲ್ಲಿ ಅವರಿಗೊಂದು ಪಾಲು ಗೊತ್ತಾಗುತ್ತದೆ. ಸಂಖ್ಯೆ ಇಲ್ಲದೆ ಹೊರಟ ದೋಣಿಯೂ ಜೀವ ಉಳಿಸಬಲ್ಲದು. ಆದರೆ ಅದೇ ಮೂಲೆಯನ್ನು ಮೂರು ದೋಣಿ ಮೂರು ಸಲ ಹುಡುಕಿ, ಪಕ್ಕದ ಕೊಲ್ಲಿಯನ್ನು ಯಾರೂ ನೋಡದೆ ಬಿಡುವುದು ಇಂಥಲ್ಲಿಯೇ.

ಘಟಕ ಹೇಗಿರಬೇಕು ಎಂಬುದಕ್ಕೆ ಬರೋಣ. ಏಳರಿಂದ ಹನ್ನೆರಡು ಮೀಟರ್ ಉದ್ದದ ಅಲ್ಯೂಮಿನಿಯಂ ಅಥವಾ ಗಟ್ಟಿ ತಳದ ರಬ್ಬರ್ ಬೋಟು ಇಂಥ ಕೆಲಸಕ್ಕೆ ಹೊಂದುತ್ತದೆ. ಎರಡು ಎಂಜಿನ್ ಇರಲೇಬೇಕು, ಒಂದು ನಿಂತರೆ ರಕ್ಷಕರೇ ರಕ್ಷಣೆ ಕೇಳುವಂತಾಗಬಾರದು. ರಡಾರ್, ನಕ್ಷೆ ತೋರಿಸುವ ಜಿ.ಪಿ.ಎಸ್., ರೇಡಿಯೊ ದಿಕ್ಕು ಹಿಡಿಯುವ ಯಂತ್ರ, ನೀರು ಹೊರಹಾಕುವ ಪಂಪು, ಎಳೆಯುವ ಹಗ್ಗ, ಶಾಖ ಉಳಿಸುವ ಹೊದಿಕೆಗಳು, ಸ್ಟ್ರೆಚರ್ ಬೇಕು. ಪ್ರತಿ ಸಲ ಕನಿಷ್ಠ ಮೂವರು: ಒಬ್ಬರು ಚುಕ್ಕಾಣಿಗೆ, ಒಬ್ಬರು ರೇಡಿಯೊ ಮತ್ತು ನಕ್ಷೆಗೆ, ಒಬ್ಬರು ನೀರಿನಲ್ಲಿರುವವರನ್ನು ಎತ್ತಲು. ಮೂವರನ್ನು ಯಾವ ಹೊತ್ತಿಗೂ ಹೊರಡಿಸಬೇಕಾದರೆ ಊರಿನಲ್ಲಿ ಹತ್ತು ಹನ್ನೆರಡು ಜನ ತಯಾರಿರಬೇಕು. ಕೆಲವರು ಮೀನಿಗೆ ಹೋಗಿರುತ್ತಾರೆ, ಕೆಲವರಿಗೆ ಹುಷಾರಿರುವುದಿಲ್ಲ. ಸಣ್ಣ ಹಡಗು ನಡೆಸುವ ಪ್ರಮಾಣಪತ್ರ, ಕಡಲ ರೇಡಿಯೊ ಪರವಾನಗಿ, ಕಡಲ ಪ್ರಥಮ ಚಿಕಿತ್ಸೆ, ಮೂಲಭೂತ ಸುರಕ್ಷತಾ ತರಬೇತಿ, ಈ ನಾಲ್ಕು ಅಡಿಪಾಯ. ಅದರ ಮೇಲೆ ವ್ಯಾಂಕೂವರ್ ದ್ವೀಪದ ಬ್ಯಾಮ್‌ಫೀಲ್ಡ್‌ನಲ್ಲಿ ಕೋಸ್ಟ್ ಗಾರ್ಡ್ ನಡೆಸುವ ವೇಗದ ಬೋಟುಗಳ ತರಬೇತಿ ಶಾಲೆ ಇದೆ. ಒಡೆಯುವ ಅಲೆಯಲ್ಲಿ ಬೋಟನ್ನು ಹಿಡಿತದಲ್ಲಿಡುವುದು, ಮಗುಚಿದರೆ ಏನು ಮಾಡುವುದು ಎಂಬುದನ್ನೆಲ್ಲ ನಿಜವಾದ ಕಡಲಲ್ಲೇ ಕಲಿಸುತ್ತಾರೆ.

ಚಳಿ ನೀರಿನ ಲೆಕ್ಕ ಅಲ್ಲಿನ ಪ್ರತಿ ಸದಸ್ಯನಿಗೂ ಬಾಯಿಪಾಠ: ಒಂದು, ಹತ್ತು, ಒಂದು. ಬಿದ್ದ ಮೊದಲ 1 ನಿಮಿಷ ಉಸಿರು ಕೈಮೀರುತ್ತದೆ, ಆಗ ಬಾಯಿ ನೀರಿನ ಮೇಲಿರಬೇಕು. ಮುಂದಿನ 10 ನಿಮಿಷ ಕೈಕಾಲು ಕೆಲಸ ಮಾಡುತ್ತವೆ, ಹತ್ತುವುದಿದ್ದರೆ, ಕಟ್ಟಿಕೊಳ್ಳುವುದಿದ್ದರೆ ಆಗಲೇ ಆಗಬೇಕು. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ, ಅದೂ ಜೀವರಕ್ಷಕ ಜಾಕೆಟ್ ಇದ್ದರೆ ಮಾತ್ರ. ಎತ್ತುವಾಗ ಸಾಧ್ಯವಾದಷ್ಟು ಅಡ್ಡಲಾಗಿ ಎತ್ತುತ್ತಾರೆ. ಹೊತ್ತುಗಟ್ಟಲೆ ನೀರಿನಲ್ಲಿದ್ದವರನ್ನು ನೆಟ್ಟಗೆ ಮೇಲೆಳೆದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ದೋಣಿಯೊಳಗೆ ಬಂದ ಮೇಲೆ ಪ್ರಾಣ ಹೋಗಬಹುದು.

ತೈಲ ಸೋರಿಕೆಯ ಕೆಲಸ ಇದಕ್ಕಿಂತ ಬೇರೆ, ತಪ್ಪುಗಳೂ ಬೇರೆ. ತೇಲುಬೇಲಿಯನ್ನು ಹರಿವಿಗೆ ಅಡ್ಡಲಾಗಿ ಕಟ್ಟುವುದು ಎಲ್ಲರೂ ಮೊದಲು ಮಾಡುವ ತಪ್ಪು. ಬೇಲಿಗೆ ನೇರವಾಗಿ ಬಡಿಯುವ ನೀರಿನ ವೇಗ 0.7 ನಾಟ್ ದಾಟಿದರೆ ತೈಲ ಬೇಲಿಯ ಅಡಿಯಿಂದ ನುಸುಳಿಕೊಂಡು ಹೋಗುತ್ತದೆ. ಹರಿವು 2 ನಾಟ್ ಇದ್ದರೆ ಬೇಲಿಯನ್ನು ಹರಿವಿನ ದಿಕ್ಕಿಗೆ ಸುಮಾರು 20 ಡಿಗ್ರಿಯಷ್ಟೇ ಓರೆಯಾಗಿ ಹಾಕಿ, ತೈಲವನ್ನು ದಂಡೆಯ ನಿಶ್ಚಲ ನೀರಿಗೆ ತಿರುಗಿಸಿ ಅಲ್ಲಿ ಹೀರಬೇಕು. ಎಲ್ಲಿ ನೀರು ನಿಶ್ಚಲವಾಗುತ್ತದೆ, ಉಬ್ಬರದ ಯಾವ ಹೊತ್ತಿನಲ್ಲಿ ಸುಳಿ ತಿರುವು ಬದಲಿಸುತ್ತದೆ ಎಂಬುದು ಮುದ್ರಿತ ನಕ್ಷೆಯಲ್ಲಿ ಇರುವುದಿಲ್ಲ. ಅದು ಆ ಚಾನೆಲ್‌ನಲ್ಲಿ ನಲವತ್ತು ವರ್ಷ ಬಲೆ ಹಾಕಿದವರಿಗೆ ಗೊತ್ತು. ಬೇಲಿ ಹಾಕುವ ಜಾಗಗಳನ್ನು ಅಂಥವರ ಜೊತೆ ಕೂತು ಮೊದಲೇ ಗುರುತಿಸಿ, ಲಂಗರು ಬಿಡುವ ಬಿಂದುಗಳನ್ನು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ತೈಲ ಎತ್ತ ತೇಲುತ್ತದೆ ಎಂಬುದಕ್ಕೆ ಒರಟು ಸೂತ್ರವೊಂದಿದೆ: ನೀರಿನ ಹರಿವಿನ ಪೂರ್ತಿ ವೇಗಕ್ಕೆ ಗಾಳಿಯ ವೇಗದ ಶೇ 3 ಸೇರಿಸಬೇಕು. 20 ನಾಟ್ ಗಾಳಿ ತೈಲವನ್ನು 0.6 ನಾಟ್ ವೇಗದಲ್ಲಿ ತಳ್ಳುತ್ತದೆ.

ಎಷ್ಟು ತೈಲವಿದೆ ಎಂದು ಬಣ್ಣದಿಂದ ಅಂದಾಜು ಮಾಡುತ್ತಾರೆ. ಬೆಳ್ಳಿಯ ಹೊಳಪಿನ ಪದರವಾದರೆ ಚದರ ಕಿಲೋಮೀಟರಿಗೆ 40ರಿಂದ 300 ಲೀಟರ್. ಕಾಮನಬಿಲ್ಲಿನ ಬಣ್ಣಗಳು ಕಂಡರೆ 300ರಿಂದ 5,000 ಲೀಟರ್. ಇದು ಗೊತ್ತಿಲ್ಲದವರು ಬೆಳ್ಳಿ ಹೊಳಪು ಕಂಡೇ ಕಡಲೆಲ್ಲ ತೈಲ ಎಂದು ವರದಿ ಮಾಡುತ್ತಾರೆ, ಇಲ್ಲವೇ ಕಾಮನಬಿಲ್ಲು ಕಂಡರೂ ತೆಳು ಪದರ ಎಂದು ಬಿಟ್ಟುಬಿಡುತ್ತಾರೆ. ಡೀಸೆಲ್ ಬೇಗ ಹರಡಿ ಆವಿಯಾಗುತ್ತದೆ, ಆದ್ದರಿಂದ ಕೆಲವು ದಿನಗಳಲ್ಲಿ ಕಣ್ಣಿಗೆ ಕಾಣದಂತಾಗುತ್ತದೆ. ಆದರೆ ಅಷ್ಟರಲ್ಲಿ ನೀರಿಗೆ ಕಲೆತದ್ದು ಚಿಪ್ಪುಜೀವಿಗಳಿಗೆ ವಿಷ. ಪೆಟ್ರೋಲ್ ಸೋರಿದ್ದರೆ ಬೇಲಿ ಹಾಕಿ ಒಂದೆಡೆ ಕೂಡಿಸಲೇಬಾರದು, ಆವಿಗೆ ಕಿಡಿ ತಗುಲಿದರೆ ಸ್ಫೋಟ. ಹಾಗಾಗಿ ಊರಿನ ದೋಣಿ ಮಾಡಬೇಕಾದ ಮೊದಲ ಕೆಲಸ ಗಾಳಿ ಬೀಸಿ ಬರುವ ಕಡೆಯಿಂದ ಸಮೀಪಿಸಿ, ಅನಿಲ ಅಳೆಯುವ ಯಂತ್ರ ಹಿಡಿದು, ಸೋರಿದ್ದು ಯಾವ ತೈಲ ಎಂದು ತಿಳಿದುಕೊಳ್ಳುವುದು. ನೈಟ್ರೈಲ್ ಕೈಗವಸು, ಆವಿ ತಡೆಯುವ ಮುಖವಾಡ ಇಲ್ಲದೆ ಯಾರನ್ನೂ ತೈಲದ ಹತ್ತಿರ ಕಳುಹಿಸಬಾರದು. ಹುಮ್ಮಸ್ಸಿನಲ್ಲಿ ಬರಿಗೈಯಲ್ಲಿ ಇಳಿಯುವವರು ಯಾವ ಊರಿನಲ್ಲೂ ಇರುತ್ತಾರೆ, ಅವರನ್ನು ತಡೆಯುವ ಜವಾಬ್ದಾರಿ ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು. ಹೀರಿದ ಎಣ್ಣೆಯ ಚೀಲಗಳನ್ನು ಎಲ್ಲಿ ಇಡುವುದು, ಯಾರು ಸಾಗಿಸುವುದು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ಇಲ್ಲದಿದ್ದರೆ ಅವು ತಿಂಗಳುಗಟ್ಟಲೆ ಊರಿನ ಜೆಟ್ಟಿಯಲ್ಲೇ ಬಿದ್ದಿರುತ್ತವೆ.

ದೊಡ್ಡ ಘಟನೆಗಳಲ್ಲಿ ತೀರ್ಮಾನ ಆಗುವುದು ಜಂಟಿ ಆದೇಶ ಕೇಂದ್ರದಲ್ಲಿ. ಕೋಸ್ಟ್ ಗಾರ್ಡ್, ಪ್ರಾಂತ್ಯ ಸರ್ಕಾರ, ಹಡಗಿನ ಕಂಪನಿ ಮತ್ತು ಆ ಜಾಗದ ಮೂಲನಿವಾಸಿ ಆಡಳಿತ ಒಂದೇ ಮೇಜಿನ ಸುತ್ತ ಕೂರುತ್ತವೆ. ಅಲ್ಲಿನ ಭಾಷೆ, ಅರ್ಜಿ ನಮೂನೆ, ಹುದ್ದೆಗಳೆಲ್ಲ ತುರ್ತಿನಲ್ಲಿ ಯಾರಿಗೆ ಯಾವ ಕೆಲಸ ಎಂದು ಮೊದಲೇ ಗೊತ್ತುಮಾಡಿಡುವ ‘ಘಟನಾ ಆದೇಶ ಪದ್ಧತಿ’ಯವು (ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್). ಅದರ ಮೊದಲ ಎರಡು ಹಂತದ ತರಬೇತಿಯಾದರೂ ಆಗದ ಊರಿನ ಮುಖಂಡರು ಆ ಕೋಣೆಯಲ್ಲಿ ಗೌರವದ ಅತಿಥಿಯಾಗಿ ಕೂತು ಎದ್ದುಬರುತ್ತಾರೆ, ಯೋಜನೆ ಬರೆಯುವ ಪಕ್ಕದ ಕೋಣೆಯಲ್ಲಿ ಅವರ ಮಾತು ಸೇರುವುದಿಲ್ಲ. ಆದ್ದರಿಂದ ಊರಿನವರು ಆದೇಶದ ಮೇಜಿಗೆ ಒಬ್ಬರನ್ನು, ಪರಿಸರ ವಿಭಾಗಕ್ಕೆ ಒಬ್ಬರನ್ನು, ಯೋಜನಾ ವಿಭಾಗಕ್ಕೆ ಒಬ್ಬರನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿರಬೇಕು.

ಪರಿಹಾರದ ಹಣದ ವಿಷಯಕ್ಕೆ ಬಂದರೆ ದಾಖಲೆಯೇ ಎಲ್ಲ. ಹಡಗಿನಿಂದ ಸೋರಿದ ತೈಲಕ್ಕೆ ಪರಿಹಾರ ಕೊಡುವ ರಾಷ್ಟ್ರೀಯ ನಿಧಿ ಕೆನಡಾದಲ್ಲಿದೆ, 2018ರ ತಿದ್ದುಪಡಿಯಿಂದ ಪ್ರತಿ ಘಟನೆಗಿದ್ದ ಮಿತಿ ತೆಗೆದರು. ಆದರೆ ಸೋರಿಕೆಗೆ ಮುಂಚೆ ಆ ದಂಡೆಯಲ್ಲಿ ಎಷ್ಟು ಚಿಪ್ಪು ಇತ್ತು, ಎಷ್ಟು ಮನೆಗಳು ಆರಿಸುತ್ತಿದ್ದವು ಎಂಬ ಲೆಕ್ಕವಿಲ್ಲದಿದ್ದರೆ ನಷ್ಟವನ್ನು ಸಾಬೀತು ಮಾಡುವುದು ಕಷ್ಟ. ಅದಕ್ಕೇ ಅಲ್ಲಿನ ‘ಗಾರ್ಡಿಯನ್ ವಾಚ್‌ಮೆನ್’ ಎಂಬ ಸಮುದಾಯದ ಕಾವಲುಗಾರರು ಪ್ರತಿ ಋತುವಿನಲ್ಲಿ ದಂಡೆಗಳನ್ನು ಎಣಿಸಿ, ಚಿತ್ರ ತೆಗೆದು, ದಿನಾಂಕ ಹಾಕಿಡುತ್ತಾರೆ. ಹೈಡಾ ಜನ ಇಂಥ ಕಾವಲನ್ನು 1981ರಲ್ಲೇ ಶುರುಮಾಡಿದ್ದರು. ಇಷ್ಟಾದರೂ ಒಂದು ಅನ್ಯಾಯ ಉಳಿದಿದೆ. ಅಜ್ಜಿ ಮೊಮ್ಮಗಳಿಗೆ ಚಿಪ್ಪು ಆರಿಸುವುದನ್ನು ಕಲಿಸುವ ಜಾಗ ಹಾಳಾದರೆ ಅದಕ್ಕೆ ಬೆಲೆ ಕಟ್ಟುವ ಕಲಂ ಈ ಪರಿಹಾರ ಕಾನೂನುಗಳಲ್ಲಿ ಸರಿಯಾಗಿ ಇಲ್ಲ. ಹೈಲ್ಟ್‌ಸುಕ್ ಸಮುದಾಯ 2018ರಲ್ಲಿ ನ್ಯಾಯಾಲಯಕ್ಕೆ ಹೋದದ್ದರ ಹಿಂದೆ ಈ ಪ್ರಶ್ನೆಯೂ ಇದೆ.

ಅಪಘಾತ ಆಗದಂತೆ ತಡೆಯುವುದರಲ್ಲೂ ಸಮುದಾಯಗಳ ಪಾಲಿದೆ. 2014ರ ಅಕ್ಟೋಬರ್‌ನಲ್ಲಿ ರಷ್ಯಾದ ‘ಸಿಮುಷಿರ್’ ಎಂಬ ಸರಕು ಹಡಗು ಎಂಜಿನ್ ನಿಂತು ಹೈಡಾ ಗ್ವಾಯ್ ದ್ವೀಪಗಳತ್ತ ತೇಲತೊಡಗಿತ್ತು. ಎಳೆಯಲು ಬಂದ ಕೋಸ್ಟ್ ಗಾರ್ಡ್ ಹಡಗಿನ ಹಗ್ಗ ಮತ್ತೆ ಮತ್ತೆ ತುಂಡಾಯಿತು, ಕೊನೆಗೆ ಅಮೆರಿಕದ ಟಗ್ಗೊಂದು ಎಳೆದುಕೊಂಡು ಹೋಯಿತು. 2018ರ ಕೊನೆಯಲ್ಲಿ ಎರಡು ಭಾರೀ ಎಳೆಹಡಗುಗಳು ಆ ಕರಾವಳಿಗೆ ಬಂದವು. 2020ರ ಸೆಪ್ಟೆಂಬರ್‌ನಿಂದ ಹೈಡಾ ಆಡಳಿತ, ಸರ್ಕಾರ ಮತ್ತು ಹಡಗು ಉದ್ಯಮ ಸೇರಿ ಒಂದು ಸ್ವಯಂಪ್ರೇರಿತ ರಕ್ಷಣಾ ವಲಯವನ್ನು ಪ್ರಯೋಗಿಸಿದವು. 500 ಟನ್‌ಗಿಂತ ದೊಡ್ಡ ಹಡಗುಗಳು, ಕೆಲವು ವಿನಾಯಿತಿ ಬಿಟ್ಟರೆ, ದ್ವೀಪಗಳ ಪಶ್ಚಿಮ ತೀರದಿಂದ 50 ನಾಟಿಕಲ್ ಮೈಲು ದೂರದಲ್ಲಿ ಸಾಗಬೇಕು. ಎಂಜಿನ್ ಕೆಟ್ಟ ಹಡಗು ಗಂಟೆಗೆ 2 ನಾಟಿಕಲ್ ಮೈಲಿನಂತೆ ದಡಕ್ಕೆ ತೇಲಿದರೂ 50 ಮೈಲಿಗೆ 25 ಗಂಟೆ ಬೇಕು, ಅಷ್ಟರಲ್ಲಿ ಎಳೆಹಡಗು ಮುಟ್ಟಬಹುದು. ಹಡಗುಗಳ ಚಲನೆಯನ್ನು ಊರಿನ ಕಚೇರಿಯ ಪರದೆಯ ಮೇಲೇ ನೋಡುವ ವ್ಯವಸ್ಥೆಯನ್ನೂ ಸರ್ಕಾರ ಮೂಲನಿವಾಸಿ ಸಮುದಾಯಗಳ ಜೊತೆ ಕೂತು ಕಟ್ಟಿದೆ.

ಎಲ್ಲವೂ ಸಲೀಸು ಎಂದು ಭಾವಿಸಬೇಡಿ. ಹಣ ಯೋಜನೆಯ ಅವಧಿಗಳಲ್ಲಿ ಬರುತ್ತದೆ, ಅವಧಿ ಮುಗಿಯುವ ಹೊತ್ತಿಗೆ ತರಬೇತಿ ಪಡೆದ ಯುವಕರು ಸಂಬಳ ಸಿಗುವ ಕೆಲಸಕ್ಕೆ ಹೊರಟುಬಿಡುತ್ತಾರೆ. ಬೋಟು ಕೊಳ್ಳಲು ದುಡ್ಡು ಸಿಕ್ಕಷ್ಟು ಸುಲಭವಾಗಿ ಅದರ ಎಂಜಿನ್ ಸರ್ವಿಸ್‌ಗೆ, ಶೆಡ್ಡಿಗೆ, ಉಪ್ಪುನೀರಿಗೆ ಸವೆದ ವಿದ್ಯುತ್ ತಂತಿ ಬದಲಿಸಲು ಸಿಗುವುದಿಲ್ಲ. ಬೋಟಿನ ಬೆಲೆಯ ಜೊತೆಗೇ ಪ್ರತಿ ವರ್ಷದ ನಿರ್ವಹಣೆಯ ಹಣವನ್ನು ಒಪ್ಪಂದದಲ್ಲಿ ಬರೆಸದ ಊರು ಕೆಲವೇ ವರ್ಷಗಳಲ್ಲಿ ಕಟ್ಟಿಹಾಕಿದ ಬೋಟನ್ನು ನೋಡುತ್ತಾ ಕೂರಬೇಕಾಗುತ್ತದೆ. ಆಳವಾದ ಕಡಲಗಾಲುವೆಗಳಲ್ಲಿ ಬೆಟ್ಟ ಅಡ್ಡ ಬಂದು ವಿ.ಎಚ್.ಎಫ್. ರೇಡಿಯೊ ಸದ್ದಿಲ್ಲದಂತಾಗುತ್ತದೆ, ಅಂಥ ಜಾಗಗಳನ್ನು ಪಟ್ಟಿ ಮಾಡಿ ಉಪಗ್ರಹ ಫೋನ್ ಒಯ್ಯಬೇಕು. ಇನ್ನು ರಕ್ಷಕರ ಮನಸ್ಸು. ಸಣ್ಣ ಊರಿನಲ್ಲಿ ಎತ್ತಿತಂದ ಹೆಣ ಗುರುತಿನವರದೇ ಆಗಿರಬಹುದು. ಘಟನೆಯ ನಂತರದ ಆರೈಕೆ ಯಾರ ಖರ್ಚು ಎಂಬುದು ಕಾಗದದ ಮೇಲೆ ಇರಲೇಬೇಕಾದ ಸಾಲು.

‘ಸಹಾಯ’ ಎನ್ನದೆ ‘ಸಹಭಾಗಿತ್ವ’ ಎನ್ನುವುದಕ್ಕೆ ಕಾರಣವಿದೆ. ಅಲ್ಲಿನ ಮೂಲನಿವಾಸಿಗಳ ಹಕ್ಕುಗಳನ್ನು 1982ರ ಸಂವಿಧಾನದ 35ನೇ ಕಲಂ ಮಾನ್ಯ ಮಾಡಿದೆ. ಹಕ್ಕಿಗೆ ಧಕ್ಕೆ ತರಬಹುದಾದ ತೀರ್ಮಾನಕ್ಕೆ ಮುಂಚೆ ಸಮಾಲೋಚನೆ ಮಾಡುವುದು ಸರ್ಕಾರದ ಕರ್ತವ್ಯ ಎಂದು 2004ರಲ್ಲಿ ಹೈಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಕರಾವಳಿಯ ಮೊಗವೀರ, ಖಾರ್ವಿ ಮುಂತಾದ ಸಮುದಾಯಗಳಿಗೆ ಅಂಥ ಸಾಂವಿಧಾನಿಕ ಸ್ಥಾನವಿಲ್ಲ. ಹಾಗಾಗಿ ಕೆನಡಾದ ಕಾನೂನಿನ ಚೌಕಟ್ಟು ಇಲ್ಲಿಗೆ ಹಾಗೇ ಹೊಂದುವುದಿಲ್ಲ, ಕೆಲಸದ ಕ್ರಮ ಹೊಂದುತ್ತದೆ.

ನಮ್ಮಲ್ಲಿ ಬೇಕಾದ ತುಂಡುಗಳು ಆಗಲೇ ಇವೆ. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್, ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸರ ಕೇಂದ್ರ, ಕೋಸ್ಟ್ ಗಾರ್ಡಿಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093 ಸಂಖ್ಯೆ, ಇಸ್ರೊ ರೂಪಿಸಿದ ಅಪಾಯ ಸೂಚಕ ಯಂತ್ರ, ಸ್ವಯಂಸೇವಕರಿಗೆ ತರಬೇತಿ ಕೊಡುವ ‘ಆಪದ್ಮಿತ್ರ’. 2021ರ ಮೇನಲ್ಲಿ ತೌಕ್ತೆ ಚಂಡಮಾರುತದ ವೇಳೆ ಮೂಲ್ಕಿ ಕಡಲಲ್ಲಿ ಬಂಡೆಗೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್ 9’ ಟಗ್‌ನ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಉಳಿಸಿದವು. 2025ರ ಮೇನಲ್ಲಿ ಕೊಚ್ಚಿಯ ಬಳಿ ‘ಎಂಎಸ್‌ಸಿ ಎಲ್ಸಾ 3’ ಸುಮಾರು 640 ಕಂಟೇನರ್‌ಗಳೊಂದಿಗೆ ಮುಳುಗಿದಾಗ ಕೆಲವದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಗುಲಿದರೆ ಅದರಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ದಡಕ್ಕೆ ಬಂದ ಪೆಟ್ಟಿಗೆಯನ್ನು ಮುಟ್ಟದೆ, ದೂರ ನಿಂತು, ಅದರ ಸಂಖ್ಯೆ ಓದಿ ಫೋನ್ ಮಾಡಬೇಕೆಂಬುದು ಪ್ರತಿ ಊರಿನ ದೋಣಿಯವರಿಗೂ ಗೊತ್ತಿರಬೇಕಾದ ವಿಷಯ.

ನಿಮ್ಮ ಊರಿನ ಮೀನುಗಾರರ ಸಂಘ ಮಾಡಬಹುದಾದ ಮೊದಲ ಕೆಲಸ ಒಂದು ಪುಟದ ಒಡಂಬಡಿಕೆ. ಮಳೆಗಾಲದ ಮೀನುಗಾರಿಕೆ ನಿಷೇಧದ ತಿಂಗಳುಗಳು ಅದಕ್ಕೆ ಸರಿಯಾದ ಹೊತ್ತು, ದೋಣಿ ನಡೆಸುವ ತಾಂಡೇಲರೆಲ್ಲ ಊರಿನಲ್ಲಿರುತ್ತಾರೆ. ತುರ್ತಿನಲ್ಲಿ ಹೊರಡಬಲ್ಲ ದೋಣಿಗಳ ನೋಂದಣಿ ಸಂಖ್ಯೆ, ಎಂಜಿನ್, ತಾಂಡೇಲರ ಹೆಸರು ಮತ್ತು ಫೋನ್. ಹೊರಡಲು ಹೇಳುವ ಅಧಿಕಾರ ಯಾರದು, ಹೋದ ದೋಣಿಗೆ ಘಟನೆಯ ಸಂಖ್ಯೆ ಕೊಡುವವರು ಯಾರು. ಡೀಸೆಲ್ ಯಾವ ಲೆಕ್ಕದಿಂದ, ಎಷ್ಟು ದಿನದೊಳಗೆ ಮರಳಿ ಸಿಗುತ್ತದೆ. ಗಾಯ, ಸಾವು, ದೋಣಿ ಹಾನಿಗೆ ಯಾವ ವಿಮೆ. ಅಳಿವೆಯ ಬಾಯಿಯ ಮರಳದಿಬ್ಬ ಈ ವರ್ಷ ಯಾವ ಕಡೆ ಸರಿದಿದೆ ಎಂಬ ಕೈಬರಹದ ನಕ್ಷೆ, ಪ್ರತಿ ಮಳೆಗಾಲದ ನಂತರ ತಿದ್ದಿದ್ದು. ಇದಕ್ಕೆ ಸಂಘದ ಅಧ್ಯಕ್ಷರ, ಕರಾವಳಿ ಕಾವಲು ಠಾಣೆಯ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಹಿ ಬೇಕು. ನಿಷೇಧ ಮುಗಿದು ದೋಣಿ ಇಳಿಸುವ ಹಿಂದಿನ ವಾರ ಎಲ್ಲ ದೋಣಿಗಳೂ 16ನೇ ಚಾನೆಲ್‌ನಲ್ಲಿ ಕಿವಿಗೊಡುತ್ತಿವೆಯೇ ಎಂದು ನೋಡಿ, ಪರೀಕ್ಷೆಯ ಮಾತುಕತೆಯನ್ನು ಬೇರೆ ಕೆಲಸದ ಚಾನೆಲ್‌ಗೆ ಬದಲಾಯಿಸಿಕೊಂಡು ನಡೆಸಿ. ಉತ್ತರ ಬಾರದ ದೋಣಿಗಳ ಬ್ಯಾಟರಿ, ಆಂಟೆನಾ ತಂತಿಯ ತುದಿಗೆ ಹಿಡಿದ ಹಸಿರು ಕಿಲುಬು, ಈ ಎರಡನ್ನು ಮೊದಲು ನೋಡಿ.